ಅದೆಲ್ಮೊನ ಕಿವಿಗೆ ಬೀಳದ ಕಾರು

ನನ್ನ ಕಾಫಿ ಅಂಗಡಿಯ ಪಕ್ಕದ ಉಗ್ರಾಣಕ್ಕೆ ಕಬ್ಬಿಣದ ರೋಲಿಂಗ್ ಷಟರ್ ಇದೆ. ಸಂಜೆಯಾದರೆ ಮೂವರು ಮುದುಕರು ಅದರ ಕಡೆ ಮುಖ ಮಾಡಿ, ರಸ್ತೆಗೆ ಬೆನ್ನು ಹಾಕಿ ಸಾಲಾಗಿ ನಿಲ್ಲುತ್ತಾರೆ. ಹೊಸಬರು ನೋಡಿದರೆ ಯಾರೋ ಮೇಷ್ಟ್ರು ಕೊಟ್ಟ ಶಿಕ್ಷೆ ಅಂದುಕೊಳ್ಳಬೇಕು, ಇಲ್ಲವೇ ಮೂವರಿಗೂ ಒಟ್ಟಿಗೇ ಅವಸರವಾಗಿದೆ ಅಂದುಕೊಳ್ಳಬೇಕು. ಎರಡೂ ಅಲ್ಲ. ಅವರು ಕಾರು ಕೇಳುತ್ತಿದ್ದಾರೆ.

ಕೆಳಗೆ ಮರನೆಲ್ಲೊದ ರೇಸ್ ಕಾರಿನ ಕಾರ್ಖಾನೆಯಿಂದ ಪರೀಕ್ಷೆಯ ಕಾರುಗಳು ಬರುವುದು ನಮ್ಮ ಗುಡ್ಡದ ರಸ್ತೆಗೇ. ಮೈತುಂಬ ಕಪ್ಪು-ಬಿಳುಪು ಚಿತ್ತಾರದ ಮುಸುಕು ಹಾಕಿಕೊಂಡು, ಯಾರಿಗೂ ಗುರುತು ಸಿಗಬಾರದೆಂದು ಬರುತ್ತವೆ. ಗುರುತು ಹಿಡಿಯುವುದೇ ನಮ್ಮವರ ಕೆಲಸ. ಬೆನ್ನು ತಿರುಗಿಸಿ ನಿಂತು, ಬರೀ ಸದ್ದಿನಿಂದ ಯಾವ ಇಂಜಿನ್, ಎಷ್ಟು ಸಿಲಿಂಡರು, ಸ್ಟೀರಿಂಗ್ ಹಿಡಿದವನು ಯಾರು ಎಂದು ಹೇಳಬೇಕು. ತಪ್ಪಿದವನು ಕಾಫಿ ಕೊಡಿಸಬೇಕು. ಬಾಗಿಲಲ್ಲಿ ನಿಂತು ರಸ್ತೆ ನೋಡುವ ನಾನು ತೀರ್ಪುಗಾರಳು. ನನಗೂ ಈ ವಿದ್ಯೆ ಹೊಸದಲ್ಲ. ಕಾನ್ವೆಂಟಿನಲ್ಲಿ ಜಪಮಾಲೆಯ ಕಿಣಿಕಿಣಿಯಿಂದಲೇ ಯಾವ ಸಿಸ್ಟರ್ ಬರುತ್ತಿದ್ದಾರೆಂದು ತಿಳಿದು ಬಿಸ್ಕತ್ತು ನುಂಗಿದವಳು ನಾನು.

ಈ ಆಟದ ರಾಜ ಅದೆಲ್ಮೊ ಬೆರ್ಗೊಂಜೋನಿ. ಊರಿನಲ್ಲಿ ಅವನಿಗೆ ‘ಕಿವಿ’ ಎಂದೇ ಹೆಸರು. ಅವನ ಮಗಳ ಮದುವೆಯ ಕರೆಯೋಲೆ ಬಂದಾಗ ಅರ್ಧ ಊರಿಗೆ ‘ಯಾವ ಬೆರ್ಗೊಂಜೋನಿ?’ ಎಂದು ಅನುಮಾನ ಬಂದಿತ್ತು. ಟೈಲ್ಸ್ ಕಾರ್ಖಾನೆಯ ಪ್ರೆಸ್ಸಿನ ಮುಂದೆ ಇಡೀ ಹರೆಯ ಕಳೆದು ನಿವೃತ್ತನಾದ ಮೇಲೆ ಅವನಿಗೆ ಉಳಿದಿದ್ದು ಈ ಆಟ ಒಂದೇ. ಮೊಣಕಾಲು ಹೋಗಿತ್ತು, ಕೂದಲು ಹೋಗಿತ್ತು, ಕಾರು ಕೊಳ್ಳುವ ಯೋಗ್ಯತೆ ಎಂದೂ ಬಂದಿರಲಿಲ್ಲ. ಆದರೆ ಷಟರಿಗೆ ಹಣೆ ಆನಿಸಿ, ಕಣ್ಣು ಮುಚ್ಚಿ, ‘ಹನ್ನೆರಡು ಸಿಲಿಂಡರು. ಡ್ರೈವರು ಆ ಉದ್ದ ಮೂಗಿನವನು. ಅವನೊಬ್ಬನೇ ಈ ತಿರುವಿನಲ್ಲಿ ಗೇರ್ ತಡವಾಗಿ ಇಳಿಸೋದು’ ಎಂದು ಅವನು ಹೇಳಿದ ಮೇಲೆ ನಾನು ತೀರ್ಪು ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಬಂದುಹೋಗುವ ಕಾರುಗಳ ಹಣೆಬರಹವೆಲ್ಲ ಅವನ ಹಣೆಯಲ್ಲೇ ಬರೆದಂತಿತ್ತು. ಕಾಫಿಗೆ ಅವನು ಜೇಬಿಗೆ ಕೈ ಹಾಕಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಹೈಬ್ರಿಡ್ ಬಂತು.

ಸುದ್ದಿ ಮೊದಲು ತಂದವನು ಮೂವರಲ್ಲೊಬ್ಬನಾದ ಲೋರಿಸ್. ಹಳೆಯ ಕಸಾಯಿ, ಎಲ್ಲದರಲ್ಲೂ ಮೂಳೆ ಹುಡುಕುವವನು. “ಇಂಜಿನ್ ಜೊತೆ ಬ್ಯಾಟರಿ ಅಂತೆ. ಊರೊಳಗೆ ಸದ್ದಿಲ್ಲದೆ ಬರುತ್ತಂತೆ, ಊರು ದಾಟಿದ ಮೇಲೆ ಗುಡುಗುತ್ತಂತೆ.”

“ಸದ್ದಿಲ್ಲದೆ ಬರೋರು ಇಬ್ಬರೇ ಕಣೋ,” ಎಂದ ಅದೆಲ್ಮೊ. “ಕಳ್ಳ, ಇನ್ನೊಬ್ಬ ಬೇರೆಯವರ ಹೆಂಡ್ತಿ ನೋಡೋಕೆ ಬರೋನು. ರೇಸ್ ಕಾರಿಗೆ ಯಾಕಪ್ಪಾ ಆ ಬುದ್ಧಿ?”

ಮೂರನೆಯವನು, ಹಜಾಮ ಪ್ರಿಮೊ, ಮಾತ್ರ ಸ್ವಲ್ಪ ತಡೆದ. “ವೇಗ ಜಾಸ್ತಿ ಅಂತಾರಲ್ಲ.”

“ಫ್ಯಾನ್ ಕೂಡ ಜೋರಾಗಿ ತಿರುಗುತ್ತೆ. ಅದಕ್ಕೆ ಯಾರಾದ್ರೂ ಚಪ್ಪಾಳೆ ಹೊಡೀತಾರಾ?”

ಮೇ ತಿಂಗಳ ಒಂದು ಸಂಜೆ ಮೂವರೂ ಷಟರಿನ ಮುಂದೆ ನಿಂತಿದ್ದಾಗ ಮುಸುಕಿನ ಕಾರೊಂದು ತಿರುವು ದಾಟಿ ಬಂತು. ಇಂಜಿನ್ ಮಲಗಿತ್ತು. ಟೈರಿನ ಸರಸರ, ಅದರ ಮೇಲೆ ಸಣ್ಣಗೆ, ಎಳೆದಂತೆ ಒಂದು ಸಿಳ್ಳೆ. ಕಿವಿಯ ಹತ್ತಿರ ಸೊಳ್ಳೆ ಬಂದ ಹಾಗೆ.

“ಬಂತು!” ಎಂದ ಲೋರಿಸ್.

“ಹೈಬ್ರಿಡ್ಡು,” ಎಂದ ಪ್ರಿಮೊ.

“ಎಲ್ಲಿ?” ಎಂದ ಅದೆಲ್ಮೊ. ತಿರುಗಿ ನೋಡಿದರೆ ಕಾರಿನ ಹಿಂದಿನ ದೀಪ. ಅವನ ಮುಖ ಕಪ್ಪಿಟ್ಟಿತು. “ಅದು ಸದ್ದೇ ಮಾಡ್ಲಿಲ್ಲ.”

“ಸಿಳ್ಳೆ ಹಾಕ್ತಲ್ಲೋ.”

“ಯಾವ ಸಿಳ್ಳೆ?”

“ಸುಯ್ಯ್ ಅಂತ. ಸೊಳ್ಳೆ ಹಾಗೆ.”

ಅದೆಲ್ಮೊ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿದ. “ನೆರೀನಾ, ನಿಜ ಹೇಳಮ್ಮ. ಇವರಿಬ್ಬರೂ ಸೇರಿ ನನ್ನ ಕಿವಿ ಮೇಲೆ ಹೂ ಇಡ್ತಿದ್ದಾರಾ?”

“ನನಗೂ ಕೇಳಿಸ್ತು, ಅದೆಲ್ಮೊ.”

“ಓಹೋ. ನೀನೂ ಸೇರಿಕೊಂಡೆಯಾ?”

ಅಂದಿನಿಂದ ನನ್ನ ಅಂಗಡಿಯಲ್ಲಿ ಯಾರೂ ಯಾರನ್ನೂ ನಂಬದಂತಾಯಿತು. ಕಾರು ಮಾಡದ ಸದ್ದನ್ನು ಕೇಳಿದೆವೆಂದು ಹೇಳಿ ನಾವೆಲ್ಲ ತನ್ನ ಪಟ್ಟ ಕಿತ್ತುಕೊಳ್ಳಲು ಸಂಚು ಹೂಡಿದ್ದೇವೆ ಎಂದು ಅದೆಲ್ಮೊನ ಲೆಕ್ಕ. ಲೋರಿಸನ ಮುಂದಿನ ಎರಡು ಹಲ್ಲಿನ ಸಂದಿಯನ್ನು ಬಾಯಿ ತೆಗೆಸಿ ಪರೀಕ್ಷೆ ಮಾಡಿದ. ಸಿಳ್ಳೆ ಅಲ್ಲಿಂದಲೇ ಹೊರಡುತ್ತಿರಬೇಕು ಎಂದು ಅವನ ಗುಮಾನಿ. ಲೋರಿಸನಿಗೆ ಇನ್ನೊಂದು ಅನುಮಾನ: ಕಾಫಿ ಕೊಡಿಸುವುದನ್ನು ತಪ್ಪಿಸಿಕೊಳ್ಳಲು ಇವನು ನಾಟಕ ಆಡುತ್ತಿದ್ದಾನೆ. ಕೊನೆಗೆ ಕೆಂಪು ವೈನಿನ ಬಾಟಲಿ ಸಾಕ್ಷಿಯಾಗಿ ಅದೆಲ್ಮೊ ಒಂದು ನಿಯಮ ತಂದ.

“ಬ್ಯಾಟರಿ ಇರೋದು ಯಾವುದೂ ಈ ಆಟದಲ್ಲಿ ಲೆಕ್ಕಕ್ಕಿಲ್ಲ. ಒಪ್ಪೋರು ಕೈ ಎತ್ತಿ.”

ಪ್ರಿಮೊ ವೈನ್ ಲೋಟದ ಕೈಯನ್ನೇ ಎತ್ತಿದ. ಲೋರಿಸ್ ಗೊಣಗುತ್ತ ಎತ್ತಿದ. ನಿಯಮ ಪಾಸಾಯಿತು.

ನನ್ನ ಅನುಮಾನ ಶುರುವಾದದ್ದು ಷಟರಿಗೆ ಬಣ್ಣ ಹೊಡೆಸಿದ ದಿನ. ‘ಹಸಿ ಬಣ್ಣ, ಮುಟ್ಟಬೇಡಿ’ ಎಂದು ಹಲಗೆ ತೂಗುಹಾಕಿದ್ದೆ. ಮೂವರೂ ಒಂದು ಹೆಜ್ಜೆ ಹಿಂದೆ ನಿಂತರು. ಮೊದಲ ಕಾರು ಬಂತು, ಬ್ಯಾಟರಿ ಇಲ್ಲದ ಶುದ್ಧ ಇಂಜಿನ್. ಅದೆಲ್ಮೊ ಸುಮ್ಮನೆ ನಿಂತ, ತುಟಿ ಕಚ್ಚಿದ, ತಪ್ಪು ಹೇಳಿದ. ಎರಡನೆಯದಕ್ಕೆ ಅವನ ಕೈಲಿ ತಡೆಯಲಾಗಲಿಲ್ಲ. ಮೆಲ್ಲಗೆ ಬಾಗಿ ಹಣೆಯನ್ನು ಹಸಿ ಬಣ್ಣಕ್ಕೇ ಒತ್ತಿದ. “ಎಂಟು ಸಿಲಿಂಡರು!” ಎಂದು ಗೆದ್ದ ದನಿಯಲ್ಲಿ ಕೂಗಿ ನಮ್ಮ ಕಡೆ ತಿರುಗಿದಾಗ ಹಣೆಯ ಮೇಲೆ ಮೂರು ಕೆಂಪು ಪಟ್ಟಿ.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಎಂಟು ಸಿಲಿಂಡರಿನ ಕಾರು ಹೋದಾಗ ನನ್ನ ಷಟರ್ ಒಂದು ಬಗೆಯಾಗಿ ನಡುಗುತ್ತದೆ, ಹನ್ನೆರಡಕ್ಕೆ ಇನ್ನೊಂದು ಬಗೆ. ಅದರ ಹಿಂದೆ ಪೇರಿಸಿಟ್ಟ ಬಾಟಲಿಗಳೇ ನನಗೆ ಹೇಳುತ್ತವೆ. ಬ್ಯಾಟರಿಯಲ್ಲಿ ಹೋಗುವ ಕಾರಿಗೆ ಷಟರ್ ಅಲುಗುವುದೇ ಇಲ್ಲ.

ಮಾರನೇ ದಿನ ಅವನ ಹೆಂಡತಿ ಇರ್ಮಾ ಬ್ರೆಡ್ಡಿಗೆ ಬಂದಾಗ ಮೆಲ್ಲಗೆ ಕೇಳಿದೆ. “ಮನೇಲಿ ಅದೆಲ್ಮೊಗೆ ಎಲ್ಲಾ ಸರಿಯಾಗಿ ಕೇಳಿಸುತ್ತಾ?”

“ಕೇಳಿಸದೆ ಏನು? ಅವನದು ಜಾಣಕಿವುಡು,” ಎಂದಳು ಇರ್ಮಾ. “ಅಡುಗೆಮನೆಯ ಟೈಮರ್ ಪೀಪೀ ಅಂತ ಬಡ್ಕೊಳ್ತಿದ್ರೆ ಪಕ್ಕದಲ್ಲೇ ಕೂತು ಪೇಪರ್ ಓದ್ತಾನೆ. ಎರಡು ಸಲ ಲಜಾನ್ಯ ಕರಕಲಾಯ್ತು. ನಾನು ಮಾತು ಬಿಟ್ಟೆ. ಅದೂ ಅವನ ಗಮನಕ್ಕೆ ಬಂದ ಹಾಗಿಲ್ಲ.” ಆಮೇಲೆ ನನ್ನ ಮುಖ ನೋಡಿದಳು. ಬ್ರೆಡ್ಡನ್ನು ಕೆಳಗಿಟ್ಟಳು. “ಯಾಕೆ ಕೇಳ್ದೆ?”

ಆ ಸಂಜೆ ಅವಳು ಟೈಮರನ್ನು ಏಪ್ರನ್ ಜೇಬಿನಲ್ಲಿಟ್ಟುಕೊಂಡೇ ಬಂದಳು. ಆಟ ಮುಗಿದು ಮೂವರೂ ಬೆಂಚಿನಲ್ಲಿ ಕೂತಿದ್ದರು. ಅದೆಲ್ಮೊ ತನ್ನ ಇನ್ನೊಂದು ದೂರು ಹೇಳುತ್ತಿದ್ದ. ಪಕ್ಕದ ದ್ರಾಕ್ಷಿ ತೋಟದವನು ಹೊಡೆಯುವ ಔಷಧಿಗೆ ಜೀರುಂಡೆಗಳೆಲ್ಲ ಸತ್ತುಹೋಗಿವೆ, ಎರಡು ಬೇಸಿಗೆಯಿಂದ ಒಂದೂ ಕೂಗಿಲ್ಲ. ಇದನ್ನು ಮೇಯರಿಗೂ ಹೇಳಿ ಬಂದಿದ್ದ. ಮೇಯರ್ ಅವನನ್ನು ವಿಚಿತ್ರವಾಗಿ ನೋಡಿ ಕಳಿಸಿದ್ದರಂತೆ. “ಅವರೂ ತೋಟದವನ ಕಡೆಯೇ ಇರಬೇಕು,” ಎಂದ.

ಇರ್ಮಾ ಅವನ ಬೆನ್ನ ಹಿಂದೆ ನಿಂತು ಟೈಮರಿನ ಗುಂಡಿ ಒತ್ತಿದಳು.

ಪೀ, ಪೀ, ಪೀ. ಅಂಗಡಿಯೊಳಗಿದ್ದವರೂ ಹೊರಗೆ ಇಣುಕಿದರು. ಅದೆಲ್ಮೊ ಲೋಟ ಎತ್ತಿ ಒಂದು ಗುಟುಕು ಕುಡಿದ. ಆಗ ಎದುರಿಗಿದ್ದ ಲೋರಿಸನ ಮುಖ ಅವನ ಕಣ್ಣಿಗೆ ಬಿತ್ತು. ಆಮೇಲೆ ಪ್ರಿಮೊನದು.

“ಏನ್ರೋ?”

ಅವನು ತಿರುಗಿದ. ಹೆಂಡತಿಯ ಕೈಯಲ್ಲಿ ಟೈಮರ್, ಅದರ ಮೇಲೆ ಮಿನುಗುವ ಕೆಂಪು ದೀಪ. ಕೈ ಚಾಚಿ ಇಸಕೊಂಡು ಕಿವಿಗೆ ಒತ್ತಿಕೊಂಡ. ಬಹಳ ಹೊತ್ತು ಹಾಗೇ ಹಿಡಿದಿದ್ದ.

“ಬೇಕೂಂತ ಸುಮ್ನಿರ್ತೀಯಾ ಅಂದುಕೊಂಡಿದ್ದೆ ಕಣೋ,” ಎಂದಳು ಇರ್ಮಾ.

ಅವನು ಪ್ರಿಮೊನನ್ನು ಕೇಳಿದ. “ಜೀರುಂಡೆ?”

ಪ್ರಿಮೊ ಕತ್ತು ತಗ್ಗಿಸಿದ. “ತೋಟದ ತುಂಬಾ ಇವೆ. ಈಗಲೂ ಕೂಗ್ತಿವೆ.”

ಅದೆಲ್ಮೊ ಟೈಮರನ್ನು ಮೇಜಿನ ಮೇಲಿಟ್ಟು, ಟೋಪಿ ಹಾಕಿಕೊಂಡು ಎದ್ದು ಹೋದ. ಆ ರಾತ್ರಿ ಮೂವರ ಕಾಫಿಯನ್ನೂ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಜುಲೈ ಪೂರ್ತಿ ಅವನು ಬರಲಿಲ್ಲ. ಲೋರಿಸ್ ಮತ್ತು ಪ್ರಿಮೊ ಇಬ್ಬರೇ ಷಟರಿನ ಮುಂದೆ ನಿಂತರು, ನಡುವೆ ಒಂದು ಜಾಗ ಬಿಟ್ಟು. ಇಬ್ಬರೂ ತಪ್ಪು ಹೇಳುತ್ತಿದ್ದರು. ಸರಿ ಯಾವುದೆಂದು ಮೂರನೆಯವನಿಲ್ಲದೆ ಅವರಿಗೆ ನಂಬಿಕೆಯೂ ಬರುತ್ತಿರಲಿಲ್ಲ. ನಾನು ಕಣ್ಣಾರೆ ನೋಡಿ ಹೇಳಿದರೂ, “ನಿನಗೇನು ಗೊತ್ತು ಬಿಡಮ್ಮಾ” ಎನ್ನುತ್ತಿದ್ದರು.

ಆಗಸ್ಟಿನಲ್ಲಿ ಬಂದ. ಎರಡೂ ಕಿವಿಯ ಹಿಂದೆ ಗೋಡಂಬಿಗಿಂತ ಸ್ವಲ್ಪ ದೊಡ್ಡದೊಂದು ಯಂತ್ರ. ಮಾತಿನ ದನಿ ಕೇಳಿಸುತ್ತೆ, ಸಿಳ್ಳೆಯಂಥ ಸಣ್ಣ ದನಿ ಮಾತ್ರ ಕಿವಿಗೆ ಬೀಳುತ್ತಿಲ್ಲ ಎಂದಿದ್ದರಂತೆ ಡಾಕ್ಟರು.

ಲೋರಿಸ್ ಅವನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. “ಇದು ಹೇಗೆ ನಡೆಯುತ್ತೆ?”

“ಬ್ಯಾಟರಿ,” ಎಂದ ಅದೆಲ್ಮೊ ಸಣ್ಣ ದನಿಯಲ್ಲಿ.

“ಏನಂದೆ? ನನಗೆ ಕೇಳಿಸ್ಲಿಲ್ಲ.”

“ಬ್ಯಾಟರಿ ಅಂದೆ!”

“ಅಯ್ಯೋ ಪಾಪ. ಅರ್ಧ ಸ್ವಂತದ್ದು, ಅರ್ಧ ಬ್ಯಾಟರಿ. ನೋಡೋ ಪ್ರಿಮೊ, ನಮ್ಮ ಊರಿಗೂ ಹೈಬ್ರಿಡ್ ಬಂತು! ಹೌದು, ಬ್ಯಾಟರಿ ಇರೋದು ಲೆಕ್ಕಕ್ಕಿಲ್ಲ ಅಂದಿದ್ದು ಯಾರಪ್ಪಾ?”

ಅದೆಲ್ಮೊ ಎರಡೂ ಯಂತ್ರ ಬಿಚ್ಚಿ ಕಾಫಿಯ ಸಾಸರಿಗೆ ಹಾಕಿ, ಷಟರಿನ ಕಡೆ ಹೊರಟ. ಹೊರಟವನ ಹಣೆ ಆಗಲೇ ಮುಂದಕ್ಕೆ ಬಾಗಿತ್ತು. ತಮಾಷೆ ಮಾಡಿದವನಿಗೇ ಅದನ್ನು ನೋಡಲಾಗಲಿಲ್ಲ. ಲೋರಿಸ್ ಸಾಸರನ್ನು ಎತ್ತಿಕೊಂಡು ಹಿಂದೆಯೇ ಓಡಿ, ಭುಜ ತಟ್ಟಿ, ಯಂತ್ರಗಳನ್ನು ಅವನ ಅಂಗೈಗೆ ಸುರಿದ.

“ಹಾಕ್ಕೊಳ್ಳೋ, ಮುದುಕಾ. ಆದ್ರೆ ಒಂದು ಷರತ್ತು. ಕಿವಿಲಿರೋದು ಲೆಕ್ಕಕ್ಕೆ ಬಂದ್ರೆ ಕಾರಿನಲ್ಲಿರೋದೂ ಲೆಕ್ಕಕ್ಕೆ ಬರಬೇಕು. ಎರಡೂ, ಇಲ್ಲಾ ಅಂದ್ರೆ ಒಂದೂ ಇಲ್ಲ.”

ಅದೆಲ್ಮೊ ರಸ್ತೆಯನ್ನು ನೋಡಿದ, ಅಂಗೈಯನ್ನು ನೋಡಿದ. ಕಹಿ ಔಷಧಿ ಕುಡಿದವನ ಮುಖ ಮಾಡಿ ಕೈ ಎತ್ತಿದ. ಯಂತ್ರಗಳನ್ನು ಸಿಕ್ಕಿಸಿಕೊಂಡು ನಡುವಿನ ಜಾಗದಲ್ಲಿ ನಿಂತ, ಈ ಸಲ ಷಟರಿಗೆ ಆನದೆ.

ಕಾರು ಬಂತು. ಲೋರಿಸ್ ಬಾಯಿ ತೆರೆಯುವ ಮೊದಲೇ ಅದೆಲ್ಮೊ ಮುಖ ಸಿಂಡರಿಸಿದ. “ಥೂ! ಇದೇನಾ ನಿಮ್ಮ ಸಿಳ್ಳೆ? ಹಲ್ಲಿನ ಡಾಕ್ಟರ ಡ್ರಿಲ್ಲು! ಇದನ್ನು ಕೇಳೋಕೆ ನಾನು ಕಿವಿಗೆ ದುಡ್ಡು ಸುರಿದ್ನಾ? ಹೈಬ್ರಿಡ್ಡು. ಓಡಿಸ್ತಿರೋಳು ಹೆಂಗಸು, ಹೊಸಬಳು. ಬ್ರೇಕ್ ಮೇಲೆ ನಂಬಿಕೆ ಇಲ್ಲ ಅವಳಿಗೆ.”

ನಾನು ರಸ್ತೆ ನೋಡಿದೆ. ಸ್ಟೀರಿಂಗಿನ ಹಿಂದೆ ಜಡೆ ಹಾಕಿದ ಹೆಂಗಸು. “ಸರಿ,” ಎಂದೆ.

“ಇದರಲ್ಲೇನೋ ಇದೆ,” ಎಂದ ಲೋರಿಸ್. ಅದೆಲ್ಮೊನ ಕಿವಿಯ ಹಿಂದೆ ಬಗ್ಗಿ ನೋಡತೊಡಗಿದ. “ಈ ಯಂತ್ರಕ್ಕೆ ಫೋನೂ ಸೇರಿಸಬಹುದಂತೆ. ಕಾರ್ಖಾನೆಯೋರು ನಿನಗೆ ಹೇಳಿಕೊಡ್ತಿದ್ದಾರಾ?”

“ಕಾಫಿ ಕೊಡಿಸೋ, ಕಸಾಯಿ.”

ಲೋರಿಸ್ ಕೊಡಿಸಿದ. ತನ್ನ ಲೋಟಕ್ಕೆ ಸಕ್ಕರೆ ಹಾಕದೆಯೇ ಕಲಕುತ್ತ, ಆ ಕಿವಿಯಿಂದ ಕಣ್ಣು ತೆಗೆಯದೆ ಕುಡಿದ. ಕತ್ತಲಾಗುತ್ತ ಬಂದು ಉಳಿದವರು ಎದ್ದರು. ಇರ್ಮಾ ರಸ್ತೆಯ ಆಚೆಯಿಂದ ಊಟಕ್ಕೆ ಕರೆದಳು, ಮೊದಲ ಕೂಗಿಗೇ ಅದೆಲ್ಮೊ “ಬಂದೆ” ಎಂದ. ಆದರೂ ಬೆಂಚು ಬಿಟ್ಟು ಏಳಲಿಲ್ಲ. ದ್ರಾಕ್ಷಿ ತೋಟದ ಕಡೆ ತಲೆ ವಾಲಿಸಿ ಕೂತಿದ್ದ.

“ನೆರೀನಾ, ಮೊದಲೂ ಇವು ಇಷ್ಟು ಜೋರಾಗೇ ಕಿರುಚ್ತಿದ್ವಾ?” ಎಂದು ಅನುಮಾನದಿಂದ ಕೇಳಿದ. “ಇಲ್ಲಾ, ತೋಟದವನು ಬೇಕೂಂತ ಹೆಚ್ಚಿಗೆ ತಂದು ಬಿಟ್ಟಿದ್ದಾನಾ?”