ಎಲ್ಲೂ ಹೋಗದವರು

ಬೊಮ್ಮಮ್ಮನ ಊರು ಕೂಡ್ಲಿಗಿ ಹತ್ತಿರದ ಒಂದು ಹಳ್ಳಿ. ಆದರೆ ವರ್ಷದಲ್ಲಿ ಆರು ತಿಂಗಳು ಆಕೆ ಬಿಜಾಪುರದವಳು. ಹಾಗಂತ ಆಕೆ ಹೇಳಿಕೊಂಡಿದ್ದಲ್ಲ, ಮಂಗಳೂರಿನವರು ಹೇಳಿದ್ದು. ಶೇಂಗಾ ಕಿತ್ತು ಮುಗಿಸಿ, ಗಂಟುಮೂಟೆ ಕಟ್ಟಿಕೊಂಡು ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಲು ಶುರುಮಾಡಿ ಹದಿನೈದು ವರ್ಷವಾಯಿತು. ತಲೆಯ ಮೇಲೆ ಕಾಂಕ್ರೀಟ್ ಬುಟ್ಟಿ ಹೊತ್ತವರೆಲ್ಲ ಅಲ್ಲಿಯ ಜನಕ್ಕೆ ಬಿಜಾಪುರದವರೇ. ಒಮ್ಮೆ ಕಾಲಿಗೆ ಮೊಳೆ ಚುಚ್ಚಿದಾಗ ಯಾವುದೋ ದವಾಖಾನೆಯ ಚೀಟಿಯಲ್ಲೂ ಹಾಗೇ ಬರೆದರು. ಬಿಜಾಪುರವನ್ನು ಆಕೆ ಕಣ್ಣಾರೆ ಕಂಡಿರಲಿಲ್ಲ. ತಿದ್ದಲೂ ಹೋಗಲಿಲ್ಲ, ಗಾಯವಾಗಿದ್ದು ಕಾಲಿಗೆ, ಊರಿಗಲ್ಲವಲ್ಲ.

ಬರೆದಿಟ್ಟರೆ ಏನಾಗುತ್ತದೆಂದು ಗೊತ್ತಾಗಿದ್ದು ಕೊರೊನಾ ವರ್ಷದಲ್ಲಿ. ಮಂಗಳೂರಿಂದ ಬಂದಿಳಿದ ದಿನವೇ ಹೆಸರು ಬರೆದುಕೊಂಡು ಹೋದರು, ಮರುದಿನ ಬಾಗಿಲಿಗೆ ಕಾಗದ ಅಂಟಿಸಿದರು. ಪಕ್ಕದ ಮನೆಯ ಅಂಜಿನಕ್ಕ, ಸಂಜೆಯಾದರೆ ಲೋಟ ಹಿಡಿದು ಚಹಾಪುಡಿಗೆ ಬರುತ್ತಿದ್ದವಳು, ನಲ್ಲಿಯ ಹತ್ತಿರ ಈಕೆಯನ್ನು ಕಂಡರೆ ಖಾಲಿ ಕೊಡ ಎತ್ತಿಕೊಂಡು ವಾಪಸು ಹೋಗತೊಡಗಿದಳು. ಮನೆಯಲ್ಲಿ ಯಾರಿಗೂ ಒಂದು ಸೀನೂ ಬರಲಿಲ್ಲ. ಇವರು ಮಂಗಳೂರಿಗೆ ಹೋಗುವುದು ಊರಿಗೆಲ್ಲ ಮೊದಲೇ ಗೊತ್ತಿತ್ತು. ಗೊತ್ತಿರುವುದು ಬೇರೆ, ಬರೆದು ಅಂಟಿಸುವುದು ಬೇರೆ. ಕಾಗದ ಮಳೆಗೆ ಕಿತ್ತುಹೋಯಿತು, ಅಂಜಿನಕ್ಕನ ಲೋಟ ಮಾತ್ರ ಮತ್ತೆ ಬರಲಿಲ್ಲ.

ಈ ಸಲ ಮಂಗಳೂರಿಂದ ಬಂದು ವಾರವೂ ಆಗಿರಲಿಲ್ಲ, ಐದು ತಿಂಗಳ ಬಸುರಿ ಸೊಸೆ ಯಶೋಧಾಗೆ ಜ್ವರ ಬಂತು. ಏನು ಹೇಳಬೇಕೆಂದು ಬೊಮ್ಮಮ್ಮ ಬಸ್ಸಿನಲ್ಲೇ ಸೊಸೆಗೆ ಬಾಯಿಪಾಠ ಮಾಡಿಸಿದಳು. ಕೂಡ್ಲಿಗಿಯ ಡಾಕ್ಟರ್ ಪುಷ್ಪಲತಾ ಪೆನ್ನು ಹಿಡಿದು ಕೇಳಿದರು:

"ದುಡಿಯಾಕ ಹೊರಗ ಎಲ್ಲ್ಯಾರ ಹೋಗಿದ್ರೇನಮ್ಮ?"

"ಎಲ್ಲೂ ಹೋಗಿಲ್ರಿ. ಮನಿ ಬಿಟ್ರ ಹೊಲ, ಹೊಲ ಬಿಟ್ರ ಮನಿ," ಯಶೋಧಾ ಕಲಿತದ್ದನ್ನು ಒಪ್ಪಿಸಿದಳು.

ಗುಳಿಗೆ ನುಂಗಿದ ಮೇಲೆ ಜ್ವರ ಇಳಿಯಿತು. ಒಂದು ದಿನ ಬಿಟ್ಟು ಮತ್ತೆ ಏರಿತು. ಮೂರು ಕಂಬಳಿ ಹೊದಿಸಿದರೂ ಹುಡುಗಿ ಗಡಗಡ ನಡುಗಿದಳು. "ಅತ್ತಿ, ಕೂಸು ಮಿಸುಕವಲ್ದು" ಅಂದಾಗ ಬೊಮ್ಮಮ್ಮ ಅವಳನ್ನು ಎಬ್ಬಿಸಿಕೊಂಡು ಮತ್ತೆ ಕೂಡ್ಲಿಗಿಯ ಬಸ್ಸು ಹತ್ತಿದಳು.

ಮತ್ತೆ ಅದೇ ಡಾಕ್ಟರ್, ಅದೇ ಪ್ರಶ್ನೆ. ಹೇಳಿದರೆ ಬಾಗಿಲಿಗೆ ಕಾಗದ. ಹೇಳದಿದ್ದರೆ? ಬೊಮ್ಮಮ್ಮ ಸೊಸೆಯ ಹೊಟ್ಟೆ ನೋಡಿದಳು.

"ಮಂಗಳೂರಾಗ ಇದ್ವಿರಿ. ಔಷಧ ಅದಕ್ಕ ತಕ್ಕಂಗ ಕೊಡ್ರಿ, ಆದ್ರ ಬರೀಬ್ಯಾಡ್ರಿ."

ಡಾಕ್ಟರ್ ಬರೆದೇ ಬರೆದರು. ಬೆರಳು ಚುಚ್ಚಿ ನೋಡಿದರೆ ಮಲೇರಿಯಾ. ಹೊಟ್ಟೆಯ ಮೇಲೆ ಯಂತ್ರವಿಟ್ಟು ಕೂಸಿನ ಎದೆಬಡಿತ ಕೇಳಿಸಿದರು. ಬೊಮ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಜ್ವರ ಎಲ್ಲಿಂದ ಬಂತು ಅಂತ ಬರದೀನಿ ಅಮ್ಮ. ನೀವು ಎಲ್ಲಿಯವರು ಅಂತಲ್ಲ."

"ಅದು ಬಾಗಿಲಿಗೆ ಅಂಟ್ಸೋರಿಗೆ ಗೊತ್ತಾಗತೈತೇನ್ರಿ?"

ಡಾಕ್ಟರ್ ಔಷಧದ ಚೀಲವನ್ನು ಆಕೆಯ ಕೈಗಿಟ್ಟರು.

ಬಸ್ಸಿನಲ್ಲಿ ಬೊಮ್ಮಮ್ಮನ ತಲೆ ಕೆಟ್ಟು ಕೆರ ಹಿಡಿಯಿತು. ಬರೆದದ್ದಕ್ಕೆ ಅವತ್ತು ಪಕ್ಕದ ಮನೆಯೇ ದೂರವಾಗಿತ್ತು, ಹೇಳಿದ್ದಕ್ಕೆ ಇವತ್ತು ಕೂಸು ಉಳಿಯಿತು. ಡಾಕ್ಟರಿಗೆ ಕೈಮುಗಿಯಬೇಕೋ ಬೈಯಬೇಕೋ ತಿಳಿಯದೆ ಆಕೆ ಔಷಧದ ಚೀಲವನ್ನು ಬಿಗಿಯಾಗಿ ಹಿಡಿದು ಕೂತಳು.

ಮೂರನೆಯ ದಿನ ಆರೋಗ್ಯ ಇಲಾಖೆಯ ಗವಿಸಿದ್ದೇಶ್ ಓಣಿಗೆ ಬಂದ. ಒಬ್ಬರಿಗೆ ಮಲೇರಿಯಾ ಬಂದಿದೆ, ಅಕ್ಕಪಕ್ಕದ ಎಲ್ಲರ ರಕ್ತ ನೋಡಬೇಕು ಅಂದ. "ಯಾರ ಮನ್ಯಾಗ್ರಿ?" ಅಂತ ಅಂಜಿನಕ್ಕ ಕೇಳಿದಳು. ಅವನು ಹೆಸರು ಹೇಳಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಬೊಮ್ಮಮ್ಮನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

"ನಮ್ಮನ್ಯಾಗ. ನನ್ನ ಸೊಸಿಗೆ," ಅಂದು ಬೆರಳು ಮುಂದೆ ಚಾಚಿದಳು.

ಅಂಜಿನಕ್ಕ ತಟಕ್ಕನೆ ಎದ್ದು ಒಳಗೆ ಹೋದಳು. ಮತ್ತೆ ಅದೇ ಶುರುವಾಯಿತು ಅಂದುಕೊಂಡಳು ಬೊಮ್ಮಮ್ಮ. ಆದರೆ ಅಂಜಿನಕ್ಕ ವಾಪಸು ಬಂದಳು, ಗಂಡ ಗಾದಿಲಿಂಗಪ್ಪನ ರಟ್ಟೆ ಹಿಡಿದುಕೊಂಡು. ಗೋವಾದಿಂದ ಬಂದಾಗಿನಿಂದ ಅವನಿಗೆ ಸೊಂಟ ಹಿಡಿದಿದೆ ಅಂತ ಓಣಿಗೆಲ್ಲ ಹೇಳಿದ್ದವಳು ಆಕೆಯೇ. ಕಂಬಳಿಯೊಳಗೆ ಆ ಮನುಷ್ಯ ನಡುಗುತ್ತಿದ್ದ.

"ಇವರ್ದೂ ನೋಡ್ರಿ," ಅಂದವಳು ದನಿ ತಗ್ಗಿಸಿದಳು. "ಎಲ್ಲೂ ಹೋಗಿಲ್ಲ ಅಂತ ಬರಕೊಳ್ರಿ."

ಬೊಮ್ಮಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು.

"ಗೋವಾ ಅಂತ ಬರೀರಿ," ಅಂದಳು. "ಪಕ್ಕದಾಗ, ಮನಷ್ಯಾ ನಮ್ಮೂರಾವ ಅಂತಾನೂ ಬರೀರಿ. ಬಿಡಬ್ಯಾಡ್ರಿ."

ಅಂಜಿನಕ್ಕ ಕಣ್ಣು ಕೆಕ್ಕರಿಸಿ ನೋಡಿದಳು. ಗವಿಸಿದ್ದೇಶ್ ಎರಡನ್ನೂ ಬರೆದುಕೊಂಡು ಗಾದಿಲಿಂಗಪ್ಪನ ಬೆರಳು ಚುಚ್ಚಿದ, ಅದೂ ಮಲೇರಿಯಾ. ಇನ್ನೊಬ್ಬರ ಗಂಡನ ವಿಷಯ ಬರೆಸಲು ತಾನು ಯಾರು ಅಂತ ಬೊಮ್ಮಮ್ಮನಿಗೂ ಅನ್ನಿಸದೆ ಇರಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗದೆ ಆಕೆ ಇಡೀ ಮಧ್ಯಾಹ್ನ ಹೊಸ್ತಿಲಲ್ಲೇ ಕೂತಿದ್ದಳು.

ಹೊತ್ತು ಇಳಿದ ಮೇಲೆ ಎದುರಿಗೆ ಒಂದು ಸ್ಟೀಲಿನ ಲೋಟ ಬಂತು.

"ಬೊಮ್ಮಕ್ಕ, ಚಹಾಪುಡಿ ಐತೇನು?"