ರೇಣುಕಾಳ ದನಿಯಲ್ಲಿ ಅಣ್ಣ

ತೀರಿಕೊಳ್ಳುವ ಮುನ್ನಾ ದಿನ ಅಣ್ಣ ನನ್ನ ಜೊತೆ ಮಾತಾಡಿದನೋ ಇಲ್ಲವೋ, ನನಗೆ ಖಚಿತವಿಲ್ಲ. ಮಾತೇನೋ ಕಿವಿಯಲ್ಲಿದೆ: "ಶೇಂಗಾ ಚಟ್ನಿ ಕುಟ್ಟಿಟ್ಟೇನಿ, ಬಂದು ಒಯ್ಯಿ. ಉಪ್ಪು ಜಾಸ್ತಿ ಆಗೈತಿ, ಬಯ್ಯಬ್ಯಾಡ." ಇಷ್ಟೇ. ಕೊನೆಯ ಮಾತು ಎನಿಸಿಕೊಳ್ಳಲು ಯಾವ ಯೋಗ್ಯತೆಯೂ ಇಲ್ಲದ ಮಾತು. ಆದರೆ ಅದು ಅಣ್ಣನ ಬಾಯಿಂದ ನೇರ ನನ್ನ ಕಿವಿಗೆ ಬಂತೋ, ನಡುವೆ ರೇಣುಕಾ ಇದ್ದಳೋ, ಎಷ್ಟು ತಿಣುಕಿದರೂ ಹೊಳೆಯುವುದಿಲ್ಲ.

ರೇಣುಕಾ ನನ್ನ ವರ್ಚುವಲ್ ಅಸಿಸ್ಟೆಂಟ್. ಸಾಂಕೋಲೆಯ ತನ್ನ ಮನೆಯಲ್ಲೇ ಕುಳಿತು, ಫೋನು ಮತ್ತು ಲ್ಯಾಪ್‌ಟಾಪಿನಿಂದ ಕುಂಕಳ್ಳಿಯ ನನ್ನ ಬಟ್ಟೆ ಅಂಗಡಿಯ ಕೆಲಸ ನೋಡಿಕೊಳ್ಳುವ ವಿಜಯಪುರದ ಕಡೆಯ ಹೆಣ್ಣುಮಗಳು. ಗಿರಾಕಿಗಳ ಮೆಸೇಜಿಗೆ ಉತ್ತರ ಕೊಡುವುದು, ಬರಬೇಕಾದ ಮಾಲು ಎಲ್ಲಿ ನಿಂತಿದೆ ಎಂದು ವಿಚಾರಿಸುವುದು, ನನ್ನ ಮರೆವಿಗೆ ಬೇಲಿ ಹಾಕುವುದು ಅವಳ ಕೆಲಸ. ನಾನು ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದಿದವನು. ಕಣ್ಣೆದುರಿನ ಮೇಜು ನಿಜವಾಗಿ ಇದೆಯೋ ಇಲ್ಲವೋ ಎಂದು ಯುನಿವರ್ಸಿಟಿಯಲ್ಲಿ ಅನುಮಾನಿಸಿ, ಆಮೇಲೆ ಬಂದು ಅಪ್ಪನ ಅಂಗಡಿಯ ಗಲ್ಲಾದಲ್ಲಿ ಕುಳಿತೆ. ಅಂಥವನು ಒಮ್ಮೆಯೂ ಕಣ್ಣಾರೆ ಕಾಣದ ಒಬ್ಬಳ ಕೈಗೆ ಅರ್ಧ ವ್ಯಾಪಾರ ಒಪ್ಪಿಸಿದ್ದು ನನ್ನ ಮೇಷ್ಟ್ರಿಗೆ ಗೊತ್ತಾದರೆ ಕೊಟ್ಟ ಅಂಕ ವಾಪಸು ಕೇಳಿಯಾರು.

ಕೆಲಸಕ್ಕೆ ತೆಗೆದುಕೊಳ್ಳುವಾಗ ನಾನು ಅವಳ ಸಂದರ್ಶನ ಮಾಡಿದೆ ಎಂದೇ ನಂಬಿದ್ದೆ. ಈಗ ಯೋಚಿಸಿದರೆ ಪ್ರಶ್ನೆ ಕೇಳಿದ್ದು ಅವಳೇ. "ಸರ್, ಯಾವ ಕೆಲಸ ಮಾಡಾಕ ನಿಮಗ ಭಾಳ ಬ್ಯಾಸರ?" ಅಂದಳು. ನಾನು ಹೇಳುತ್ತಾ ಹೋದೆ. ಹೇಳಿ ಮುಗಿಸಿದಾಗ ನಾನು ಯಾಕೆ ವ್ಯಾಪಾರಿ ಆದೆ ಎಂಬುದೇ ನನಗೆ ಅರ್ಥವಾಗಲಿಲ್ಲ. "ಹೌದ್ರಿ, ಇಷ್ಟೂ ನನಗ ಬಿಡ್ರಿ. ನೀವು ಗಿರಾಕಿ ಮುಂದ ನಕ್ಕೋತ ಕುಂಡ್ರಿ ಸಾಕು" ಅಂದಳು.

ಮೊದಮೊದಲು ಅವಳ ವರದಿ ಚುಟುಕಾಗಿರುತ್ತಿತ್ತು. "ಮಡಗಾಂವದ ಗಿರಾಕಿ ಬಾಯಾರು ಸಿಟ್ಟಾಗ್ಯಾರ್ರಿ." ಆದರೆ ಎಂಥ ಸಿಟ್ಟು? ಬೈದು ಮತ್ತೆ ಬರುವವರ ಸಿಟ್ಟೇ ಬೇರೆ, ಸುಮ್ಮನೆ ಬಾರದೆ ಹೋಗುವವರ ಸಿಟ್ಟೇ ಬೇರೆ. ಅದಕ್ಕೇ ಹೇಳಿದೆ, ಸಾರಾಂಶ ಬೇಡ, ಅವರು ಅಂದದ್ದನ್ನು ಅಂದ ಹಾಗೇ ಹೇಳು ಎಂದು. ಇಂಥ ಕೆಲಸಗಾರರಿಂದ ಚೆನ್ನಾಗಿ ಕೆಲಸ ಮಾಡಿಸಿಕೊಳ್ಳುವ ಉಪಾಯ ಯಾರಾದರೂ ಕೇಳಿದರೆ ನಾನು ಹೆಮ್ಮೆಯಿಂದ ಹೇಳುತ್ತಿದ್ದದ್ದು ಇದೊಂದನ್ನೇ. ಅಂದಿನಿಂದ ವಾಯ್ಸ್ ಮೆಸೇಜು ಶುರುವಾದವು. ಮಡಗಾಂವದ ಆ ಹೆಂಗಸಿನ ಕೊಂಕಣಿ ಬೆರೆತ ಹಿಂದಿ, ಬೆಳಗಾವಿಯ ಏಜೆಂಟನ ಕೆಮ್ಮು, ಎಲ್ಲವೂ ಅವಳ ಗಂಟಲಲ್ಲಿ. ನಾನು ಗಲ್ಲಾದಲ್ಲಿ ಕುಳಿತು ಒಬ್ಬನೇ ನಗುತ್ತಿದ್ದೆ.

ಅಣ್ಣ ಇದ್ದದ್ದು ಉಸಗಾಂವದಲ್ಲಿ. ಗಣಿಯ ಲಾರಿ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾಗಿದ್ದ. ಅವನ ಹೆಂಡತಿ, ನಮ್ಮ ವೈನಿ, ತೀರಿಹೋದ ಮೇಲೆ ಅಡುಗೆ ತಾನೇ ಕಲಿತ, ಬಿಪಿಯನ್ನೂ ತಾನೇ ಬೆಳೆಸಿಕೊಂಡ. ನಾನು ಫೋನು ಮಾಡಿದರೆ ಜಗಳ. "ನನಗ ಗುಳಗಿ ನುಂಗು ಅನ್ನೂವಷ್ಟು ದೊಡ್ಡಾವ ಯಾವಾಗ ಆದ್ಯೋ?" ಎನ್ನುವನು. ಹೊರಗಿನವರ ಜೊತೆ ಮಾತ್ರ ಬೆಣ್ಣೆ. ಹಾಗಾಗಿ ಗುಳಿಗೆ ನೆನಪಿಸುವ ಮುಂಜಾನೆಯ ಫೋನನ್ನು ರೇಣುಕಾಳಿಗೆ ಒಪ್ಪಿಸಿದೆ.

"ಹ್ಯಾಂಗ ಮಾತಾಡ್ಲಿ ಸರ್? ಡಾಕ್ಟರ್ ಹಂಗೋ, ಮಗಳ ಹಂಗೋ?"

"ಗುಳಿಗೆ ಸುದ್ದಿ ತೆಗೀಬ್ಯಾಡ. ಅಡಗಿ ಕೇಳು" ಅಂದೆ.

ಫಲಿಸಿತು. ಅಣ್ಣ ಅವಳಿಗೆ ಎಣ್ಣೆಗಾಯಿ ಕಲಿಸುತ್ತಾ, ಎರಡು ಮಸಾಲೆಗಳ ನಡುವೆ ಗುಳಿಗೆ ನುಂಗತೊಡಗಿದ. ನನಗೆ ವರದಿ ಬರುತ್ತಿದ್ದದ್ದು ಅಣ್ಣನ ದನಿಯಲ್ಲೇ, ಅವನದೇ ಎಳೆತ, ಅವನದೇ "ಹ್ಞಾಂ" ಸಮೇತ. "ತಂಗಿ, ನಿಮ್ಮ ಸಾಹೇಬಗ ಹೇಳು, ಗುಳಗಿ ನುಂಗೇನಿ. ಅವನ ಭಾಷಣ ಮಾತ್ರ ನುಂಗಾಕ ಆಗಂಗಿಲ್ಲ." ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ನಾನೂ ಅವನಿಗೆ ಫೋನು ಮಾಡುತ್ತಿದ್ದೆ, ಜಗಳವೂ ಒಂದು ಚಟವಲ್ಲವೇ. ಹೀಗೆ ಅಣ್ಣ ನನಗೆ ಎರಡು ದಾರಿಗಳಿಂದ ಬರುತ್ತಿದ್ದ.

ಒಂದು ಮುಂಜಾನೆ ರೇಣುಕಾ ಮೆಸೇಜು ಕಳಿಸಲಿಲ್ಲ, ಫೋನನ್ನೇ ಮಾಡಿದಳು. "ಸರ್, ಅಣ್ಣಾವ್ರು ಫೋನ್ ಎತ್ತವಲ್ರು. ನೀವ ಹೋಗ್ರಿ." ಅಂದು ಅವಳ ದನಿ ಅವಳದ್ದೇ ಆಗಿತ್ತು. ನಾನು ತಲುಪುವಷ್ಟರಲ್ಲಿ ನೆರೆಯವರು ಬಾಗಿಲು ತೆಗೆಸಿದ್ದರು. ನಿದ್ದೆಯಲ್ಲೇ ಹೋಗಿದ್ದ.

ಮಾತಾಡಿಸಲು ಬಂದವರೆಲ್ಲ ಕೇಳಿದರು: ಕಡೀಕ ಏನಂದ್ರು? ನಾನು ಚಟ್ನಿಯ ಮಾತು ಹೇಳಿದೆ. ಅವರು ಅತ್ತರು, ನಾನೂ ಅತ್ತೆ. ಅನುಮಾನ ಬಂದದ್ದು ಆಮೇಲೆ. ನನ್ನ ನೆನಪಿನಲ್ಲಿ "ಬಯ್ಯಬ್ಯಾಡ" ಎಂಬ ಮಾತಿನ ಬಾಲಕ್ಕೆ ಒಂದು ಸಣ್ಣ ನಗು ಅಂಟಿಕೊಂಡಿದೆ. ಅಣ್ಣ ತನ್ನ ಮಾತಿಗೆ ತಾನು ನಗುವವನಲ್ಲ.

ಹಳೆಯ ನಾಟಕಗಳಲ್ಲಿ ರಾಜನ ದೂತ ಬಂದು ರಾಜನ ಮಾತನ್ನು "ನಾನು, ನಾನು" ಎಂದೇ ಹೇಳುತ್ತಾನೆ. ಸಭೆಗೆ ದೂತ ಮಾಯವಾಗಿ ರಾಜನೇ ಕಾಣುತ್ತಾನೆ. ಒಳ್ಳೆಯ ದೂತನ ಲಕ್ಷಣವೇ ಅದು. ನಾನೂ ಅಂಥ ದೂತಿಯನ್ನು ಸಂಬಳ ಕೊಟ್ಟು ಇಟ್ಟುಕೊಂಡು, ಅಂದದ್ದನ್ನು ಅಂದ ಹಾಗೇ ಹೇಳು ಎಂದು ತರಬೇತಿಯನ್ನೂ ಕೊಟ್ಟೆ. ಮನಸ್ಸೋ ನಮ್ಮ ಅಂಗಡಿಯ ಹಾಗೆ. ಮಾಲನ್ನು ಒಳಗಿಟ್ಟುಕೊಂಡು, ಪಾರ್ಸಲ್ ಕಳಿಸಿದವರ ಹೆಸರಿರುವ ಚೀಟಿಯನ್ನು ಹರಿದು ಬಿಸಾಡುತ್ತದೆ.

ಫೋನು ನೋಡಿದೆ. ಹಳೆಯ ವಾಯ್ಸ್ ಮೆಸೇಜುಗಳನ್ನು ಜಾಗ ಸಾಲದೆಂದು ನಾನೇ ಆಗಾಗ ಅಳಿಸುತ್ತಿದ್ದೆ, ಆ ವಾರದ್ದೂ ಉಳಿದಿರಲಿಲ್ಲ. ಇನ್ನು ಕರೆಗಳ ಲೆಕ್ಕ ಹುಡುಕಿದರೆ, ಸಮಾಧಾನ ಹೇಳಲು ಬಂದ ಕರೆಗಳೇ ಅಣ್ಣನನ್ನು ಹಿಂದಕ್ಕೆ ನೂಕಿ ಹೊರಗೆ ಹಾಕಿದ್ದವು. ಕೊನೆಗೆ ರೇಣುಕಾಳನ್ನೇ ಕೇಳಿದೆ. ಅವಳ ಫೋನಿನಲ್ಲೂ ಆ ಮೆಸೇಜುಗಳು ಉಳಿದಿರಲಿಲ್ಲ.

"ಚಟ್ನಿ ಮಾತು ನನ್ನ ಕಿವ್ಯಾಗೂ ಐತ್ರಿ ಸರ್. ಆದ್ರ ಖರೇ ಹೇಳ್ತೇನಿ, ಅಣ್ಣಾವ್ರು ನನಗ ಹೇಳಿದ್ದೋ, ಆ ದಿನ ನೀವು ಅತ್ಕೋತ ಹೇಳಿದ್ದೋ, ತಿಳೀವಲ್ದು."

"ನೆನಪು ಮಾಡ್ಕೋ."

"ಮಾಡ್ಕೊಂಡಷ್ಟೂ ಎರಡೂ ಖರೇ ಅನಸಾಕತ್ತೈತ್ರಿ. ನಿಮಗ ಹೇಳ್ಯಾರ ಅಂತ ಇಟಗೋರಿ ಸರ್. ನಿಮ್ಮ ಅಣ್ಣ ಅವ್ರು." ಆಮೇಲೆ ಮೆಲ್ಲಗೆ ಅಂದಳು, "ಮುಂಜಾನೆ ಇನ್ನೂ ನನ್ನ ಕೈ ಅವರ ನಂಬರಿಗೆ ಹೋಗತೈತ್ರಿ."

ಮುಂಜಾನೆಯ ಆ ಹೊತ್ತಿಗೆ ನಾನು ಅವಳಿಗೆ ಇನ್ನೂ ಬೇರೆ ಕೆಲಸ ಕೊಟ್ಟಿಲ್ಲ. ಕೊಡಲು ಕೆಲಸ ಇಲ್ಲ ಎಂದಲ್ಲ.

ಉಸಗಾಂವದ ಬಾಡಿಗೆ ಮನೆ ಖಾಲಿ ಮಾಡಲು ಮೊನ್ನೆ ಹೋಗಿದ್ದೆ. ಅಡುಗೆಮನೆಯ ಹಲಗೆಯ ಮೇಲೆ, ಅಕ್ಕಿ ಡಬ್ಬಿಯ ಹಿಂದೆ, ಒಂದು ಗಾಜಿನ ಬಾಟ್ಲಿ ಸಿಕ್ಕಿತು. ಮುಚ್ಚಳ ಬಿಗಿಯಾಗಿತ್ತು, ತೆಗೆಯಲು ಸೆರಗಿಲ್ಲದ ನಾನು ಅಂಗಿಯ ತುದಿ ಹಿಡಿದೆ. ಬೆಳ್ಳುಳ್ಳಿ, ಒಣ ಮೆಣಸಿನಕಾಯಿಯ ಘಾಟು ಎದ್ದಿತು. ಚಮಚ ಹುಡುಕುವ ತಾಳ್ಮೆ ಇರಲಿಲ್ಲ. ನಿಂತಲ್ಲೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ.

ಯಾರಿಗೆ ಹೇಳಿದನೋ ನನಗೆ ಈಗಲೂ ಗೊತ್ತಿಲ್ಲ. ಉಪ್ಪು ಮಾತ್ರ ಜಾಸ್ತಿ ಆಗಿತ್ತು.