ಬಿಜೈಯ ಮಾವಿನಮರದ ಕಲ್ಲುಹೂವು

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ಸಂಜೆಯ ಹೊತ್ತಿಗೆ ನನ್ನಲ್ಲಿ ಉಳಿಯುವುದು ಗಂಟಲುನೋವು ಮಾತ್ರ. ಆದರೂ ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ನಿವೃತ್ತರಾದ ನನ್ನ ಗುರುಗಳು ಫೋನ್ ಮಾಡಿದರೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಅವರು ಬದುಕಿಡೀ ನೋಡಿದ್ದು ಕಲ್ಲುಹೂವನ್ನು. ಮಸಾಲೆಗೆ ಹಾಕುವ ಕಲ್ಲುಹೂವು ಎಲ್ಲರಿಗೂ ಗೊತ್ತು; ಇವರದ್ದು ಅದರ ಬಡ ನೆಂಟ, ಪಿಕ್ಸೀನ್ ಎಂಬ ಜಾತಿ. ತೊಗಟೆಗೆ ಬೂದುಬಣ್ಣದ ತೆಳು ರೊಟ್ಟಿಯ ಹಾಗೆ ಅಂಟಿಕೊಂಡಿರುತ್ತದೆ. ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರ ಅದು.

ಪಾರದರ್ಶಕ ಹಾಳೆಯನ್ನು ತೊಗಟೆಗೆ ಒತ್ತಿ, ಪೆನ್ನಿನಲ್ಲಿ ಕಲ್ಲುಹೂವಿನ ಅಂಚು ಬರೆದು, ಹೋದ ವರ್ಷದ ಹಾಳೆಯ ಮೇಲಿಟ್ಟು ನೋಡುವುದೇ ನಮ್ಮ ಕೆಲಸ. ಬೆಳೆದಿರುವುದು ಉಗುರಿನ ಅಂಚಿನಷ್ಟು. ನಗರದಲ್ಲಿ ನಾವು ಅಳೆಯುತ್ತಿದ್ದವುಗಳಲ್ಲಿ ನಂತೂರಿನ ಮರಗಳು ರಸ್ತೆಗೆ ಹೋದವು, ಹಂಪನಕಟ್ಟೆಯವು ಕಟ್ಟಡಕ್ಕೆ ಹೋದವು. ಕೊನೆಗೆ ಉಳಿದದ್ದು ಬಿಜೈಯಲ್ಲಿ ನಿವೃತ್ತ ನರ್ಸ್ ಒಬ್ಬರ ಅಂಗಳದ ಮಾವಿನಮರದ ಮೇಲಿನ ಒಂದೇ ಮಚ್ಚೆ. "ಇಷ್ಟು ಬಸ್ಸಿನ ಹೊಗೆ ಕುಡಿದೂ ಬದುಕಿದೆ. ನನಗಿಂತ ಗಟ್ಟಿ," ಎನ್ನುತ್ತಿದ್ದರು ಗುರುಗಳು. ಅದು ಇರುವಷ್ಟು ದಿನ ಅವರಿಗೂ ಒಂದು ಕೆಲಸವಿತ್ತು.

ಈ ಸಲ ಗೇಟು ತೆರೆದರೆ ಮನೆಗೆ ಹೊಸ ಪೈಂಟ್. ಆ ನರ್ಸಿನ ಮಗಳ ಮದುವೆ, ಹಿಂದಿನ ದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರ ಅದೇ ಅಂಗಳದಲ್ಲಿ. ಮಾವಿನಮರದ ಕಾಂಡ ಕೆಂಪಗೆ, ಬೋಳಾಗಿ ನಿಂತಿತ್ತು.

"ನಾನು ನರ್ಸ್ ಆಗಿದ್ದವಳಲ್ವಾ ಸರ್, ನನಗೆ ಗೊತ್ತಾಗ್ತದೆ," ಎಂದರು ಆಕೆ. "ಡಾಕ್ಟರುಗಳೂ ಹೀಗೆಯೇ. ಬರ್ತಾರೆ, ಅಳೀತಾರೆ, ಎಂತ ರೋಗ ಅಂತ ಬಾಯಿ ಬಿಡುದಿಲ್ಲ. ಪಾಪ, ನಾನು ಹೆದರ್ತೇನೆ ಅಂತ ನೀವು ಹೇಳಲಿಲ್ಲ. ಪೈಂಟಿನವರ ಹತ್ರ ವಯರ್ ಬ್ರಶ್ ಇತ್ತು. ಆ ಕಜ್ಜಿಯನ್ನು ಚೆಂದ ಮಾಡಿ ಉಜ್ಜಿಸಿದೆ."

ಗುರುಗಳು ಮೊದಲ ವರ್ಷವೇ ಎಲ್ಲವನ್ನೂ ವಿವರಿಸಿದ್ದರು, ಲ್ಯಾಟಿನ್ ಹೆಸರಿನ ಸಮೇತ. ಆಗ ಆಕೆ ಗಂಭೀರವಾಗಿ ತಲೆಯಾಡಿಸಿದ್ದು, ಮರದ ರೋಗವನ್ನು ಇವರು ಮರೆಮಾಚುತ್ತಿದ್ದಾರೆ ಎಂದುಕೊಂಡು ಎಂಬುದು ಈಗ ತಿಳಿಯಿತು.

ನನಗೆ ಮೈಯೆಲ್ಲ ಉರಿಯಿತು. ಏನೋ ಹೇಳಲು ಹೊರಟೆ; ಗುರುಗಳು ಕಣ್ಣಿನಲ್ಲೇ ತಡೆದರು. ಚೀಲದಿಂದ ಹಾಳೆ ತೆಗೆದು ಬೋಳು ತೊಗಟೆಗೆ ಒತ್ತಿದರು. ಎಂದಿನಂತೆ ನಾನು ಮೂಲೆಗಳನ್ನು ಹಿಡಿದುಕೊಂಡೆ. ಪೆನ್ನಿನ ಮುಚ್ಚಳ ತೆಗೆಯದೆಯೇ ಅವರು ಹಳೆಯ ಅಂಚು ಇದ್ದಲ್ಲೆಲ್ಲ ನಿಧಾನವಾಗಿ ಸುತ್ತು ಬಂದರು. ಎಲ್ಲಿ ತಿರುಗಬೇಕೆಂದು ಅವರ ಕೈಗೆ ಗೊತ್ತಿತ್ತು.

"ರೋಗ ಕಮ್ಮಿ ಉಂಟಾ ಸರ್?" ಎಂದು ಆಕೆ ಕೇಳಿದರು.

"ಪೂರ್ತಿ ಗುಣ ಆಗಿದೆ."

ಆಕೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಚಹಾ ತರಲು ಒಳಗೆ ಹೋದರು. ಚಹಾ ಕುಡಿದೆವು. ಮದುವೆಗೆ ಬರುತ್ತೇವೆ ಎಂದೆವು.

ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕುಳಿತಾಗ ನನ್ನ ಸಿಟ್ಟು ಇಳಿದು ಬರೀ ಸುಸ್ತು ಉಳಿದಿತ್ತು. "ನಿಜ ಹೇಳಬೇಕಿತ್ತು ಸರ್," ಎಂದೆ.

"ಮಗಳ ಮದುವೆ ಮಾರಾಯ್ತಿ. ಹೇಳಿದ್ರೆ ಅದು ವಾಪಸ್ ಬರ್ತದಾ?" ಚೀಲದಿಂದ ಹಾಳೆಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಬರ್ತದೆ. ನಿಧಾನಕ್ಕೆ ಬರ್ತದೆ. ನನಗೆ ಸಾಕಾಯ್ತು."

ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಖಾಲಿ ಹಾಳೆಯ ಮೂಲೆಯಲ್ಲಿ ಈ ವರ್ಷವನ್ನು ಬರೆದು, ಹಿಂದಿನ ವರ್ಷಗಳ ಹಾಳೆಗಳ ಮೇಲಿಟ್ಟು ಚೀಲಕ್ಕೆ ಹಾಕಿದರು. ಅವರ ಬಸ್ಸು ಬಂದಾಗ ಚೀಲವನ್ನು ನನ್ನ ಪಕ್ಕಕ್ಕೆ ಸರಿಸಿಟ್ಟು ಹತ್ತಿದರು.